ಇಪ್ಪತ್ತನೆಯ ಮಡಕೆ

ದೆವ್ವ, ಗಾಳಿ, ಸೋಂಕು ಎಂದು ಪಿಸುಗುಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಯಳಂದೂರಿನ ಒಂದು ಶಾಲೆಯಲ್ಲಿ ನಾನು ಡ್ರಾಯಿಂಗ್ ಟೀಚರು. ಪರೀಕ್ಷೆಯ ದಿನ ಮಂತ್ರಿಸಿದ ದಾರ ಕಟ್ಟಿಕೊಂಡು ಬರುವ ಮಕ್ಕಳನ್ನು ನಿಲ್ಲಿಸಿ, ಓದಿದ್ದು ನೀನೋ ನಿನ್ನ ದಾರವೋ ಎಂದು ಕೇಳಿ ಎಷ್ಟೋ ಸಲ ಅಳಿಸಿದ್ದೇನೆ. ಅಂಥವಳು ಈಗ ಇದನ್ನು ಬರೆಯುತ್ತಿದ್ದೇನೆ. ಓದಿ ನಗುವವರು ನಗಬಹುದು, ಅವರ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ವಿಷಯ ನೆನೆದಾಗ ನನಗೆ ಭಯವಾಗುವುದಿಲ್ಲ, ಮೈಯೆಲ್ಲ ಉರಿಯುತ್ತದೆ.

ಕೆಲವು ವರ್ಷಗಳ ಹಿಂದೆ ಕೊಳ್ಳೇಗಾಲದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ, ಮೊದಲು ರೇಷ್ಮೆ ನೂಲು ಬಿಚ್ಚುತ್ತಿದ್ದ ಒಂದು ಹಳೆಯ ಶೆಡ್ಡಿನಲ್ಲಿ ಮಡಕೆ ಕ್ಲಾಸು ಶುರುವಾಯಿತು. ಹಳೆಯ ಕಾಲದ ಮಡಕೆ ಮಾಡುವ ವಿಧಾನ, ಅದಕ್ಕೆ ಗ್ಲೇಜ್, ಎಂದರೆ ಗಾಜಿನಂಥ ಹೊಳಪಿನ ಲೇಪ, ಹಾಕುವ ವಿಧಾನ, ಎರಡನ್ನೂ ಕಲಿಸುತ್ತೇವೆ ಎಂದು ಬೋರ್ಡು ಹಾಕಿದ್ದರು. ಕಲಿಸುವವರು ಹೊರಗಿನಿಂದ ಬಂದವರು, ದೊಡ್ಡ ದೊಡ್ಡ ಕಡೆ ಕಲಿತವರು. ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಅದೂ ಅವರಿಗೆ ಪ್ರಚಾರವೇ ಆಗುತ್ತದೆ. ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ನಾನು ಸೇರಿದೆ. ಮನೆ ಹತ್ತಿರ ಇದ್ದದ್ದರಿಂದ ಶೆಡ್ಡಿನ ಬೀಗದ ಕೈ ನನಗೇ ಕೊಟ್ಟರು. ಒಣಗಲು ಇಟ್ಟ ಹಸಿ ಮಡಕೆಗಳ ಮೇಲಿನ ಬಟ್ಟೆಗೆ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ ಬರುವುದು ನನ್ನ ಕೆಲಸ.

ಮೇಷ್ಟ್ರಿಗೆ ಒಂದು ಹುಚ್ಚು ಹತ್ತಿತ್ತು. ಹಳೆಯ ಕಾಲದ ಸಮಾಧಿಗಳಲ್ಲಿ ಒಂದು ಬಗೆಯ ಮಡಕೆ ಸಿಗುತ್ತದಂತೆ, ಬಾಯಿ ಮತ್ತು ಒಳಗೆಲ್ಲ ಕಪ್ಪು, ಹೊಟ್ಟೆ ಮಾತ್ರ ಕೆಂಪು. ಆ ಎರಡು ಬಣ್ಣ ಒಂದೇ ಬೆಂಕಿಯಲ್ಲಿ ಬರಬೇಕು. ಅದನ್ನು ಮಾಡಲು ಮೂರು ಸಲ ಪ್ರಯತ್ನಿಸಿದರು. ಮೂರು ಸಲವೂ ಸೀದುಹೋದ ರೊಟ್ಟಿಯಂಥ ಮಡಕೆಗಳು ಬಂದವು. ಆಗ ನಾನು ಬಾಯಿ ತೆರೆದೆ. ಕಾಮಗೆರೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಹಿತ್ತಲಲ್ಲೇ ಇಂಥ ಮಡಕೆ ಸುಡುತ್ತಿದ್ದರು, ಚಿಕ್ಕಂದಿನಲ್ಲಿ ನೋಡಿದ್ದೇನೆ ಎಂದೆ. ಸುಮ್ಮನೆ ಇದ್ದಿದ್ದರೆ ಚೆನ್ನಾಗಿತ್ತು.

ಆ ಅಜ್ಜಿಯ ಹೆಸರು ದೊಡ್ಡತಾಯಮ್ಮ. ಕುಂಬಾರರ ಮನೆಯವರು. ಕುಳ್ಳಗೆ, ಒಣಗಿದ ಮೈ, ಅಂಗೈ ಮಾತ್ರ ಗಂಡಸರ ಅಂಗೈಯಷ್ಟು ಅಗಲ. ಅವರಲ್ಲಿ ಕೆಲಸ ಹೀಗೆ ಹಂಚಿಕೆಯಾಗಿರುತ್ತದೆ: ತಿಗರಿಯನ್ನು, ಎಂದರೆ ಮಡಕೆಯ ಚಕ್ರವನ್ನು, ಗಂಡಸರು ಮಾತ್ರ ತಿರುಗಿಸುತ್ತಾರೆ. ಗಂಡಸು ತಿಗರಿಯ ಮೇಲೆ ಮಡಕೆಯ ಕುತ್ತಿಗೆ, ಬಾಯಿ ಎತ್ತಿ, ತಳವಿಲ್ಲದ ದಪ್ಪ ಮಡಕೆಯನ್ನು ದಾರದಲ್ಲಿ ಕತ್ತರಿಸಿ ಕೊಡುತ್ತಾನೆ. ಹೆಂಗಸು ಅದನ್ನು ಮಡಿಲಲ್ಲಿ ಇಟ್ಟುಕೊಂಡು, ಒಳಗೆ ದುಂಡು ಕಲ್ಲು ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ತಳ ಮುಚ್ಚಿ ಹೊಟ್ಟೆ ಬರಿಸುತ್ತಾಳೆ. ಮಡಕೆ ನೀರು ಹಿಡಿಯುವುದು, ತೆಳ್ಳಗಾಗುವುದು, ಬೆಂಕಿಯಲ್ಲಿ ಬಿರಿಯದಿರುವುದು ಎಲ್ಲ ಆ ತಟ್ಟುವ ಕೈಯಿಂದಲೇ. ಆದರೂ ತಿಗರಿ ಹೆಂಗಸು ಮುಟ್ಟಬಾರದು.

ದೊಡ್ಡತಾಯಮ್ಮನ ಗಂಡ ಹೋಗಿ ಬಹಳ ವರ್ಷವಾಗಿತ್ತು. ಆಮೇಲೆ ಆಕೆ ಕೈಯಲ್ಲೇ ಒಲೆ, ಹೂವಿನ ಕುಂಡ ಮಾಡಿ ಹನೂರಿನ ಸಂತೆಯಲ್ಲಿ ಮಾರುತ್ತಿದ್ದರು. ತಿಗರಿ ಹಿತ್ತಲಲ್ಲಿ ಬಿದ್ದಿತ್ತು, ಅದರ ಮೇಲೆ ಕೋಳಿ ಮಲಗುತ್ತಿತ್ತು. ಗಂಡನಿಲ್ಲದ ಮೇಲಾದರೂ ನೀವೇ ತಿರುಗಿಸಬಹುದಿತ್ತಲ್ಲ ಎಂದು ಕೇಳಿದೆ.

"ಎಂಗಸ್ರು ಮುಟ್ಬಾರ್ದು ಅಂತವ್ರೆ ಮಿಸ್. ಕೋಳಿ ಮುಟ್ಬೌದು, ನಾವ್ ಮುಟ್ಬಾರ್ದು," ಎಂದರು ದೊಡ್ಡತಾಯಮ್ಮ. ನಗಲಿಲ್ಲ.

ಕ್ಲಾಸಿಗೆ ಬಂದು ಹೇಳಿಕೊಡುತ್ತೀರಾ ಎಂದಾಗ ದುಡ್ಡಿನ ಮಾತು ಎತ್ತಲಿಲ್ಲ. ಒಂದೇ ಒಂದು ಕೇಳಿದರು.

"ಅಲ್ಲಿ ಎಂಗಸ್ರೂ ತಿಗರಿ ಮುಂದೆ ಕೂತ್ಕತಾರೆ ಅಂದ್ರಲ್ಲ. ನನ್ನೂ ಒಂದ್ಸಲ ಕೂರ್ಸಿ. ಐವತ್ ವರ್ಸ ತಟ್ಟಿವ್ನಿ ಕಣವ್ವ. ಸುತ್ತೋ ಮಣ್ಣಿನ್ ಮ್ಯಾಲೆ ಒಂದ್ಸಲನಾದ್ರೂ ಕೈ ಮಡಗ್ಬೇಕು ಅಂತ ಆಸೆ."

ನಾನು ಮೇಷ್ಟ್ರಿಗೆ ಹೇಳಿದೆ. ಖಂಡಿತ ಕೂರಿಸೋಣ, ಅದಕ್ಕೇನಂತೆ ಎಂದರು. ನಾನು ಮತ್ತೆ ಕಾಮಗೆರೆಗೆ ಹೋಗಿ, ಒಪ್ಪಿದ್ದಾರೆ, ನಾನಿದ್ದೇನೆ ಬನ್ನಿ ಎಂದು ಮಾತು ಕೊಟ್ಟು ಬಂದೆ.

ಭಾನುವಾರ ಭಾನುವಾರ ದೊಡ್ಡತಾಯಮ್ಮ ಹನೂರಿನ ಕಡೆಯಿಂದ ಬರುವ ಬಸ್ಸು ಹತ್ತಿ ಬಂದರು. ಎಲ್ಲರಿಗೂ ಸ್ಟೂಲು, ಆಕೆಗೆ ಗೋಣಿಚೀಲ. ನೆಲವೇ ಅವರಿಗೆ ಅಭ್ಯಾಸ ಎಂದು ಮೇಷ್ಟ್ರೇ ತೀರ್ಮಾನ ಮಾಡಿದ್ದರು. ಆಕೆ ಏನನ್ನೂ ಮುಚ್ಚಿಡಲಿಲ್ಲ. ಕೆರೆ ಮಣ್ಣಿಗೆ ಎಷ್ಟು ಮರಳು ಸೇರಿಸಬೇಕು, ಎಷ್ಟು ಒಣಗಿದಾಗ ತಟ್ಟಬೇಕು, ಕೆಮ್ಮಣ್ಣು ಬಳಿದು ಯಾವ ಬೀಜದಿಂದ ಉಜ್ಜಿದರೆ ಹೊಳಪು ಬರುತ್ತದೆ, ಎಲ್ಲ ಹೇಳಿದರು. ಮಡಕೆಯನ್ನು ಬೋರಲಿಟ್ಟು, ಬಾಯಿಯಷ್ಟನ್ನೇ ಹುರುಳಿ ಹೊಟ್ಟಿನಲ್ಲಿ ಹೂತು ಸುಟ್ಟರೆ ಬಾಯಿ ಕಪ್ಪಾಗುತ್ತದೆ, ಹೊಟ್ಟೆ ಕೆಂಪಾಗೇ ಉಳಿಯುತ್ತದೆ ಎಂದು ತೋರಿಸಿದರು. ಮೇಷ್ಟ್ರು ತಿಗರಿಯಲ್ಲಿ ಬಾಯಿ ಎತ್ತಿ ಕೊಟ್ಟದ್ದನ್ನು ಆಕೆ ತಟ್ಟಿ ಸುಟ್ಟರು. ಮೇಷ್ಟ್ರು ಮೂರು ಸಲ ಸೋತದ್ದು ಆಕೆಯ ಕೈಯಲ್ಲಿ ಮೊದಲ ಸಲಕ್ಕೇ ಬಂತು. ಮೇಷ್ಟ್ರು ಕುಣಿದಾಡಿದರು, ಎಲ್ಲವನ್ನೂ ಫೋನಿನಲ್ಲಿ ವಿಡಿಯೋ ಮಾಡಿಕೊಂಡರು. ಮುಂದೆ ಇದಕ್ಕೇ ಗ್ಲೇಜ್ ಹಾಕೋಣ, ಗಾಜಿನ ಹಾಗೆ ಮಿಂಚುತ್ತದೆ ಎಂದಾಗ ಆಕೆ ತಲೆ ಅಲ್ಲಾಡಿಸಿದರು.

"ಗಾಜ್ ಬಳುದ್ರೆ ಮಡ್ಕೆ ಉಸ್ರಾಡಕಿಲ್ಲ ಸಾ. ನೀರ್ ತಣ್ಣಗಾಗಕಿಲ್ಲ." ಎಲ್ಲರೂ ನಕ್ಕರು.

ತಿಗರಿಯ ಮಾತು ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಮೊದಲ ಭಾನುವಾರ ಮೇಷ್ಟ್ರು, ವಿಡಿಯೋಗೆ ಬೆಳಕು ಹೋಗುತ್ತದೆ, ಆಮೇಲೆ ನೋಡೋಣ ಎಂದರು. ಎರಡನೆಯ ಭಾನುವಾರ ಎರಡು ಕರೆಂಟು ತಿಗರಿಗೂ ಜನ ಇದ್ದರು. ಡಾಕ್ಟರ ಹೆಂಡತಿಯೊಬ್ಬರು ಮಣ್ಣನ್ನು ಗೋಡೆಗೆಲ್ಲ ಸಿಡಿಸುತ್ತ ಕಿಲಕಿಲ ನಗುತ್ತಿದ್ದರು. ದೊಡ್ಡತಾಯಮ್ಮ ಸೆರಗಿನಲ್ಲಿ ಕೈ ಒರೆಸಿ ಒರೆಸಿ ಸಿದ್ಧ ಮಾಡಿಕೊಂಡು ನೋಡುತ್ತಾ ಕೂತಿದ್ದರು. ಮೂರನೆಯ ಭಾನುವಾರ ಆಕೆಯೇ ಎದ್ದು ಹೋಗಿ ಮೇಷ್ಟ್ರನ್ನು ಕೇಳಿದರು. ಅವರು ಆಕೆಯ ಹೆಗಲ ಮೇಲೆ ಕೈಯಿಟ್ಟು ಏನು ಹೇಳಿದರು ಗೊತ್ತೇ?

"ಅಜ್ಜಿ, ನೀವು ಚಕ್ರ ಮುಟ್ಟಲೇಬಾರದು. ಹೆಂಗಸರು ಮುಟ್ಟುತ್ತಿರಲಿಲ್ಲ ಅನ್ನೋದೇ ಪರಂಪರೆ. ನೀವು ಮುಟ್ಟಿದರೆ ನಮ್ಮ ವಿಡಿಯೋಗೆ ಬೆಲೆ ಇರುವುದಿಲ್ಲ. ನೀವು ಹೀಗೇ ಇರಬೇಕು."

ಊರಿನವರು ಶಾಸ್ತ್ರ ಎಂದು ತಡೆದರು, ಓದಿದವರು ಪರಂಪರೆ ಎಂದು ತಡೆದರು. ನನಗೆ ಮೇಷ್ಟ್ರ ಕೆನ್ನೆಗೆ ಬಾರಿಸಬೇಕೆನಿಸಿತು. ಏನೂ ಮಾಡಲಿಲ್ಲ. ಮುಂದಿನ ವಾರ ಮಾತಾಡುತ್ತೇನೆ ಎಂದುಕೊಂಡೆ. ಅದೇ ದಿನ ಗೋಡೆಯ ಮೇಲೆ ಕಪ್ಪು ಕೆಂಪು ಮಡಕೆಯ ಕೆಳಗೆ ಒಂದು ಕಾರ್ಡು ಅಂಟಿಸಿದ್ದರು. ಪ್ರಾಚೀನ ವಿಧಾನದ ಮರುಶೋಧನೆ ಎಂದು ಬರೆದು ಮೇಷ್ಟ್ರ ಹೆಸರು ಹಾಕಿತ್ತು. ದೊಡ್ಡತಾಯಮ್ಮನಿಗೆ ಓದಲು ಬರುತ್ತಿರಲಿಲ್ಲ. ಮಡಕೆಯನ್ನು ನೋಡಿ, "ಚೆಂದಾಗ್ ಮಡ್ಗವ್ರೆ," ಎಂದರು.

ಮುಂದಿನ ವಾರ ಬರಲಿಲ್ಲ. ಬುಧವಾರ ಬೆಳಿಗ್ಗೆ ಮಗಳು ಮಾದೇವಿ ಎಬ್ಬಿಸಲು ಹೋದಾಗ ದೊಡ್ಡತಾಯಮ್ಮ ಏಳಲಿಲ್ಲವಂತೆ. ನಾನು ರಜೆ ಹಾಕಿ ಕಾಮಗೆರೆಗೆ ಹೋದೆ. ಮಣ್ಣು ಮಾಡುವಾಗ ಮಾದೇವಿ ತಾಯಿಯ ತಟ್ಟುವ ಹಲಗೆಯನ್ನೂ ಜೊತೆಗೇ ಇಟ್ಟಳು. ಹುಣಿಸೆ ಮರದ ಹಲಗೆ, ಉದ್ದಕ್ಕೂ ಒಂದು ಸೀಳು ಬಿಟ್ಟಿತ್ತು. ಆ ಸೀಳಿನಿಂದಾಗಿ ದೊಡ್ಡತಾಯಮ್ಮ ತಟ್ಟಿದ ಮಡಕೆಯ ಮೇಲೆಲ್ಲ ಕೂದಲೆಳೆಯಂಥ ಒಂದು ಗೆರೆ ಮೂಡುತ್ತಿತ್ತು, ಉಜ್ಜಿದ ಮೇಲೂ ಬೆಳಕಿಗೆ ಹಿಡಿದರೆ ಕಾಣುತ್ತಿತ್ತು. ಹಲಗೆಯ ಮೇಲೆ ಮಣ್ಣು ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೇಷ್ಟ್ರು ಬರಲಿಲ್ಲ. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಕೈಮುಗಿದ ಚಿತ್ರ ಹಾಕಿದರು, ಅದರ ಕೆಳಗೇ ಶನಿವಾರ ಗೂಡು ತುಂಬಬೇಕು, ಎಲ್ಲರೂ ಮಡಕೆ ತನ್ನಿ ಎಂದು ಹಾಕಿದರು.

ಗೂಡು ಎಂದರೆ ಶೆಡ್ಡಿನ ಹಿಂದೆ ಇಟ್ಟಿಗೆಯಲ್ಲಿ ಕಟ್ಟಿದ್ದ, ಸೌದೆ ಉರಿಸುವ ಭಟ್ಟಿ. ಅವತ್ತು ಅದಕ್ಕೆ ಹೋಗಬೇಕಾಗಿದ್ದದ್ದು ಗ್ಲೇಜ್ ಬಳಿದ ಮಡಕೆಗಳು ಮಾತ್ರ, ಎಲ್ಲ ಒಂದೇ ಹಸಿರು ಬಣ್ಣ. ಯಾರ ಮಡಕೆ ಯಾವುದೆಂದು ನೋಟ್‌ಬುಕ್ಕಿನಲ್ಲಿ ಬರೆಯುವ ಕೆಲಸ ನನ್ನದು. ಹತ್ತೊಂಬತ್ತು ಮಡಕೆ. ಸತ್ತೇಗಾಲದಿಂದ ಬರುತ್ತಿದ್ದ, ಬೆಂಕಿ ನೋಡಿಕೊಳ್ಳುವ ಸಿದ್ದರಾಜು ಒಂದೊಂದನ್ನೂ ಒಳಗೆ ಜೋಡಿಸಿದ, ನಾನು ಒಂದೊಂದಕ್ಕೂ ಗುರುತು ಹಾಕಿದೆ. ಆಮೇಲೆ ಬಾಯಿಗೆ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿದೆವು. ಕೊನೆಯ ಮುದ್ದೆ ಮೆತ್ತಿದವಳು ನಾನು. ಸಿಟ್ಟಿನಲ್ಲಿದ್ದೆ, ಜೋರಾಗಿ ಅಂಗೈ ಒತ್ತಿದೆ, ಐದು ಬೆರಳೂ ಮೂಡಿದವು.

ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಉರಿ ಹಾಕಿದರು. ಆರಲು ಬಿಟ್ಟು ಮಂಗಳವಾರ ಮಧ್ಯಾಹ್ನ ತೆರೆಯುವುದು ಎಂದಾಯಿತು. ನಾನು ಶಾಲೆಗೆ ಅರ್ಧ ದಿನ ರಜೆ ಹಾಕಿ ಯಳಂದೂರಿನಿಂದ ಬಸ್ಸಿನಲ್ಲಿ ಬಂದೆ. ಶೆಡ್ಡಿನ ಹಿಂದೆ ಮೇಷ್ಟ್ರು, ಸಿದ್ದರಾಜು ಇಬ್ಬರೇ ಇದ್ದರು. ನೆತ್ತಿ ಸುಡುವ ಬಿಸಿಲು. ಗೂಡಿನ ಬಾಯಿಯ ಮೇಲೆ ನನ್ನ ಅಂಗೈ ಗುರುತು ಬೆಂದು ಗಟ್ಟಿಯಾಗಿತ್ತು. ಒಂದು ಬಿರುಕಿರಲಿಲ್ಲ. ಸಿದ್ದರಾಜು ಅದನ್ನು ಸಲಾಕೆಯಿಂದ ಒಡೆದು ಇಟ್ಟಿಗೆ ತೆಗೆದ.

ಹಸಿರು ಮಡಕೆಗಳು ಒಂದೊಂದಾಗಿ ಹೊರಗೆ ಬಂದವು. ಕೆಲವು ಬಿರಿದಿದ್ದವು, ಕೆಲವಕ್ಕೆ ಗ್ಲೇಜ್ ಸೋರಿ ತಳಕ್ಕೆ ಅಂಟಿತ್ತು. ನಾನು ಪಟ್ಟಿ ನೋಡಿ ಗುರುತು ಹಾಕುತ್ತ ಹೋದೆ. ಹತ್ತೊಂಬತ್ತಾಯಿತು. ನೋಟ್‌ಬುಕ್ಕು ಮುಚ್ಚಿದೆ. ಸಿದ್ದರಾಜು ಅರ್ಧ ಮೈ ಒಳಗಿಟ್ಟವನು ಹೊರಗೆ ಬರಲಿಲ್ಲ.

"ಮಿಸ್, ಇನ್ನೊಂದದೆ," ಎಂದ. ಆಮೇಲೆ ಒಳಗಿಂದಲೇ, "ಇದ್ನ ನಾನ್ ಜೋಡ್ಸಿಲ್ಲ ಕಣ್ ಮಿಸ್," ಎಂದ.

ಅವನು ತಂದು ಬಿಸಿಲಿಗೆ ಇಟ್ಟದ್ದು ಒಂದು ನೀರಿನ ಮಡಕೆ. ಗ್ಲೇಜ್ ಇಲ್ಲ. ಬಾಯಿ, ಕುತ್ತಿಗೆ, ಒಳಗೆಲ್ಲ ಕಪ್ಪು. ಹೊಟ್ಟೆ ಕೆಂಪು. ಗೂಡಿನೊಳಗೆ ಒಂದು ಹಿಡಿ ಹುರುಳಿ ಹೊಟ್ಟು ಹಾಕಿರಲಿಲ್ಲ, ಅಂಥ ಉರಿಯಲ್ಲಿ ಆ ಕಪ್ಪು ಉಳಿಯುವಂತೆಯೂ ಇರಲಿಲ್ಲ. ಮೇಷ್ಟ್ರು ಮೊದಲು ಕುತ್ತಿಗೆ ಹಿಡಿದು ನೋಡಿ ನಕ್ಕರು.

"ಯಾರೋ ಮೊದಲ ಸಲ ಚಕ್ರದ ಮುಂದೆ ಕೂತವರ ಕೆಲಸ ಇದು. ನೋಡಿ ಹೇಗೆ ಸೊಟ್ಟ ಮಾಡಿದ್ದಾರೆ."

ಅದು ನಿಜವೇ. ಬಾಯಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಕೈ ನಡುಗಿ ಮಣ್ಣು ಒಲೆದಾಡಿದ ಗುರುತು ಸುತ್ತಲೂ ಇತ್ತು. ನಾವೆಲ್ಲ ಮೊದಲ ವಾರ ಮಾಡಿದ್ದು ಹಾಗೇ ಇತ್ತು. ಆಮೇಲೆ ನಾನು ಅದರ ಹೊಟ್ಟೆಯ ಮೇಲೆ ಕೈಯಾಡಿಸಿದೆ. ನಮ್ಮ ಕ್ಲಾಸಿನಲ್ಲಿ ತಟ್ಟಲು ಕಲಿತವರು ಒಬ್ಬರೂ ಇಲ್ಲ, ಮೇಷ್ಟ್ರಿಗೂ ಬರುವುದಿಲ್ಲ. ನಾವು ತಟ್ಟಿದರೆ ಮಡಕೆ ಹರಿಯುತ್ತದೆ. ಇದರ ಹೊಟ್ಟೆ ಎಲ್ಲ ಕಡೆ ಒಂದೇ ಸಮ ತೆಳು, ಬೆರಳಿನಿಂದ ತಟ್ಟಿದರೆ ಕಂಚಿನ ಹಾಗೆ ಸದ್ದು. ಎತ್ತಿ ಬೆಳಕಿಗೆ ಹಿಡಿದೆ. ಮೇಲಿಂದ ಕೆಳಗಿನವರೆಗೂ ಪೆಟ್ಟು ಪೆಟ್ಟಿಗೆ ಆ ಕೂದಲೆಳೆಯ ಗೆರೆ ಇತ್ತು.

ಕುತ್ತಿಗೆ ಎತ್ತಬಲ್ಲ ಕುಂಬಾರ ಗಂಡಸರ ಮಡಕೆಗೆ ಇಂಥ ಸೊಟ್ಟ ಬಾಯಿ ಇರುವುದಿಲ್ಲ. ಕಲಿಯಲು ಬಂದ ನಮ್ಮಂಥವರ ಮಡಕೆಗೆ ಇಂಥ ಹೊಟ್ಟೆ ಇರುವುದಿಲ್ಲ. ಐವತ್ತು ವರ್ಷ ತಟ್ಟಿ, ತಿಗರಿಯನ್ನು ಅವತ್ತೇ ಮೊದಲ ಸಲ ಮುಟ್ಟಿದವರು ಮಾತ್ರ ಇದನ್ನು ಮಾಡಲು ಸಾಧ್ಯ. ಅಂಥವರು ನನಗೆ ಗೊತ್ತಿದ್ದಂತೆ ಒಬ್ಬರೇ, ಅವರನ್ನು ಮಣ್ಣು ಮಾಡಿ ಆರು ದಿನವಾಗಿತ್ತು.

ಇದು ದೊಡ್ಡತಾಯಮ್ಮನ ಮಡಕೆ ಎಂದು ನಾನು ಹೇಳಿದೆ. ಮೇಷ್ಟ್ರ ಮುಖ ಗಂಟಾಯಿತು.

"ನೀವೇ ಇಟ್ಟಿದ್ದೀರಿ. ಬೀಗದ ಕೈ ನಿಮ್ಮ ಹತ್ತಿರ ಇರೋದು. ನನಗೆ ಅವಮಾನ ಮಾಡಬೇಕು ಅಂತ ನಾಟಕ ಆಡುತ್ತಿದ್ದೀರಿ," ಎಂದರು.

"ಎಲ್ಲಿಟ್ಟೆ? ಬಾಯಿ ಮುಚ್ಚಿತ್ತು, ನನ್ನ ಕೈ ಗುರುತು ಈಗ ತಾನೇ ಒಡೆದಿರಿ. ಇಂಥ ಹೊಟ್ಟೆ ತಟ್ಟೋಕೆ ನನಗೆ ಬಂದಿದ್ದರೆ ನಿಮ್ಮ ಕ್ಲಾಸಿಗೆ ಯಾಕೆ ಬರುತ್ತಿದ್ದೆ?"

ಅವರು ನನ್ನ ಕೈಯಿಂದ ಮಡಕೆ ತೆಗೆದುಕೊಂಡು ಇನ್ನೊಮ್ಮೆ ತಿರುಗಿಸಿ ನೋಡಿದರು. ಆಮೇಲೆ, ಆಗಲಿ, ಯಾರೇ ಮಾಡಿರಲಿ, ಪ್ರದರ್ಶನಕ್ಕೆ ಇಡೋಣ, ಕ್ಲಾಸಿನ ಹೆಸರು ಹಾಕಿದರಾಯಿತು ಎಂದರು. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಬದುಕಿದ್ದಾಗ ಕೂರಲು ಒಂದು ಸ್ಟೂಲು ಕೊಡಲಿಲ್ಲ, ಕಾರ್ಡಿನಲ್ಲಿ ಹೆಸರು ಹಾಕಲಿಲ್ಲ, ಈಗ ಇದನ್ನೂ ನುಂಗುತ್ತೀರಾ ಎಂದು ಕಿರುಚಿದೆ. ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯುವಂಥದ್ದಲ್ಲ. ಮಡಕೆಯನ್ನು ಅವರ ಕೈಯಿಂದ ಕಿತ್ತುಕೊಂಡು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡೆ. ಇನ್ನೂ ಬೆಚ್ಚಗಿತ್ತು. ಸಿದ್ದರಾಜು ದಾರಿ ಬಿಟ್ಟು ನಿಂತು ಮಡಕೆಗೆ ಕೈಮುಗಿದ. ಮತ್ತೆ ಆ ಕ್ಲಾಸಿಗೆ ನಾನು ಕಾಲಿಡಲಿಲ್ಲ.

ಯೋಚನೆ ಮಾಡದೆ ಬಿಟ್ಟಿಲ್ಲ. ದೊಡ್ಡತಾಯಮ್ಮ ಬದುಕಿದ್ದಾಗಲೇ ಯಾರೋ ಕದ್ದು ತಿಗರಿಯ ಮುಂದೆ ಕೂರಿಸಿರಬಹುದು ಎಂದುಕೊಂಡೆ. ಹಾಗಾಗಿದ್ದರೆ ನನ್ನಷ್ಟು ಸಂತೋಷಪಡುವವರು ಯಾರೂ ಇರಲಿಲ್ಲ. ಕ್ಲಾಸಿನ ಒಬ್ಬೊಬ್ಬರನ್ನೂ ಹುಡುಕಿಕೊಂಡು ಹೋಗಿ ಕೇಳಿದೆ. ಡಾಕ್ಟರ ಹೆಂಡತಿಯನ್ನೂ ಕೇಳಿದೆ. ಯಾರೂ ಕೂರಿಸಿರಲಿಲ್ಲ. ಸಿದ್ದರಾಜು ಮಾದಪ್ಪನ ಮೇಲೆ ಆಣೆ ಮಾಡಿದ. ಕೂರಿಸಿದ್ದರು ಎಂದೇ ಇಟ್ಟುಕೊಂಡರೂ, ಹತ್ತೊಂಬತ್ತು ಇಟ್ಟು ಮುಚ್ಚಿದ ಗೂಡಿನೊಳಗೆ ಇಪ್ಪತ್ತನೆಯದು ಹೇಗೆ ಬಂತು, ಹೊಟ್ಟಿಲ್ಲದೆ ಹೇಗೆ ಕಪ್ಪಾಯಿತು? ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿರುವವರು ಹೇಳಲಿ, ಕೇಳುತ್ತೇನೆ.

ಇಷ್ಟು ಹೊತ್ತು ಮೇಷ್ಟ್ರನ್ನು ಬೈದೆ. ಒಂದು ವಿಷಯ ಹೇಳದೆ ಬಿಟ್ಟಿದ್ದೇನೆ. ಆ ಮೂರನೆಯ ಭಾನುವಾರ ಎಲ್ಲರೂ ಹೋದ ಮೇಲೆ ಶೆಡ್ಡಿನಲ್ಲಿ ನಾನೂ ದೊಡ್ಡತಾಯಮ್ಮನೂ ಇಬ್ಬರೇ ಉಳಿದಿದ್ದೆವು. ನಾನು ಬಟ್ಟೆಗಳಿಗೆ ನೀರು ಚಿಮುಕಿಸುತ್ತಿದ್ದೆ. ಆಕೆ ತಿಗರಿಯ ಹತ್ತಿರ ನಿಂತು, "ಎಲ್ರೂ ಓದ್ರಲ್ಲ ಮಿಸ್, ಈಗೊಂದ್ ಗಳ್ಗೆ ಕೂತ್ಕಳ್ಲಾ?" ಎಂದರು. ಸ್ವಿಚ್ಚು ನನ್ನ ಕೈಗೆ ಎಟಕುವಂತಿತ್ತು. ಮಣ್ಣು ಹದವಾಗಿತ್ತು. ಬಸ್ಸು ಬರಲು ಇನ್ನೂ ಹೊತ್ತಿತ್ತು. ಮೇಷ್ಟ್ರಿಗೆ ಗೊತ್ತಾದರೆ ಏನಂದುಕೊಳ್ಳುತ್ತಾರೋ ಎಂದು ಹೆದರಿದೆ. ನಲವತ್ತೆರಡು ವರ್ಷದ ಹೆಂಗಸು ನಾನು, ಮಕ್ಕಳನ್ನು ಗದರಿಸುವವಳು, ಹೆದರಿದೆ. ಬಸ್ಸು ತಪ್ಪಿ ಹೋಗುತ್ತೆ, ಮುಂದಿನ ವಾರ ಖಂಡಿತ ಎಂದು ಹೇಳಿ ದೀಪ ಆರಿಸಿ ಬೀಗ ಹಾಕಿದೆ. ಆಕೆ, "ಆಗ್ಲಿ ಬುಡಿ," ಎಂದರು.

ಆ ಮಂಗಳವಾರ ಮಡಕೆ ಹಿಡಿದುಕೊಂಡು ಶೆಡ್ಡಿನಿಂದ ನೇರ ಬಸ್‌ ಸ್ಟ್ಯಾಂಡಿಗೆ ನಡೆದೆ. ಹನೂರಿನ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕಾಮಗೆರೆಯಲ್ಲಿ ಇಳಿದೆ. ಮಾದೇವಿ ಜಗಲಿಯಲ್ಲಿ ಕೂತಿದ್ದಳು. ನಾನು ಏನೂ ಹೇಳದೆ ಅವಳ ಮುಂದೆ ಇಟ್ಟೆ. ಅವಳು ಒಳಗೆ ಕೈ ಹಾಕಿ ತಳದಿಂದ ಮೇಲಕ್ಕೆ ಸವರಿದಳು. ಮತ್ತೊಮ್ಮೆ ಸವರಿದಳು.

"ಒಟ್ಟೆ ನಮ್ಮವ್ವುಂದೇ," ಎಂದಳು. ಆಮೇಲೆ ಸೊಟ್ಟ ಬಾಯಿಯ ಮೇಲೆ ಬೆರಳು ಆಡಿಸಿದಳು. ಮುಖ ಎತ್ತಿ ನನ್ನನ್ನು ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು, ಆದರೂ ನಗುತ್ತಿದ್ದಳು. "ಇದೂ ಅವ್ಳೇ ಮಾಡಿದ್ದಾ? ಕೊನ್ಗೂ ತಿಗರಿ ಮುಂದೆ ಕೂರ್ಸುದ್ರಾ ಮಿಸ್ ನಮ್ಮವ್ವನ್ನ?"

ನಾನು ಹೂಂ ಎಂದೆ.

ಆ ಮಡಕೆ ಈಗ ಮಾದೇವಿಯ ಮನೆಯಲ್ಲಿದೆ, ನೀರು ತುಂಬಿಡುತ್ತಾಳೆ. ನಾನು ಹನೂರಿನ ಕಡೆ ಹೋದಾಗಲೆಲ್ಲ ಕರೆದು ಅದರಿಂದಲೇ ಒಂದು ಲೋಟ ಕೊಡುತ್ತಾಳೆ, ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಅಕ್ಕಪಕ್ಕದ ಹೆಂಗಸರು ಬಂದರೆ ನನ್ನ ಕಡೆ ಕೈ ತೋರಿಸಿ, "ನಮ್ಮವ್ವನ್ನ ತಿಗರಿ ಮುಂದೆ ಕೂರ್ಸಿದ್ದು ಇವ್ರೇ ಕಣ್ರವ್ವ, ಬ್ಯಾರೆ ಯಾರೂ ಕೂರಿಸ್ನಿಲ್ಲ," ಎನ್ನುತ್ತಾಳೆ. ನಾನು ಲೋಟ ಹಿಡಿದುಕೊಂಡು ಸುಮ್ಮನೆ ಕೂತಿರುತ್ತೇನೆ.